ಕೇಳದೆ ತಂದ ಗಾಳಿ

ಮೊಲೊಕಾಯಿ ದ್ವೀಪ
೧೨ ಮಾರ್ಚ್ ೨೦೧೭

ಮಹಾರಾಜಶ್ರೀ ಮ್ಯಾನೇಜರ್ ಕಾವಿಕಾ ಅಣ್ಣನವರ ಪಾದಗಳಿಗೆ ತಂಗಿ ನೊಹೆಯಾ ಮಾಡುವ ನಮಸ್ಕಾರ. ಕೈಗಳಿಗೆ ನಮಸ್ಕಾರವಿಲ್ಲ. ಅವು ಮಾಡಿದ ಕೆಲಸಕ್ಕೇ ನೀನು ಅಲ್ಲಿರೋದು.

ನನ್ನ ಕಲಾಜೀವನದ ವರದಿ ಒಪ್ಪಿಸುತ್ತಿದ್ದೇನೆ. ಶನಿವಾರ ಮೀನು ಮಾರುಕಟ್ಟೆಯಲ್ಲಿ ಹಾಡಿದೆ. ಕೇಳುಗರು: ಹನ್ನೊಂದು ಮನುಷ್ಯರು, ಮಂಜುಗಡ್ಡೆಯ ಮೇಲೆ ಮಲಗಿದ್ದ ನಲವತ್ತು ಮೀನು. ಬಾಯಿ ತೆರೆದುಕೊಂಡು ಕೇಳಿದ್ದು ಮೀನುಗಳೇ. ಬುಧವಾರ ಹೋಟೆಲಿನಲ್ಲಿ ಹಾಡಿದೆ. ಒಬ್ಬ ಪ್ರವಾಸಿ, "ಯಾವುದಾದ್ರೂ ಸಿನಿಮಾ ಹಾಡು ಹೇಳಮ್ಮ" ಅಂದ. ಇನ್ನೊಬ್ಬ, "ಅವಳು ಕಟ್ಟಿದ್ದನ್ನೇ ಅವಳು ಹೇಳ್ಲಿ, ನಿಂಗೇನು?" ಅಂದ. ಮೊದಲನೆಯವನು ಅನಾನಸ್ ಇಟ್ಟಿದ್ದ ತಟ್ಟೆಯಿಂದಲೇ ಬಾರಿಸಿದ. ಎರಡನೆಯವನ ಹುಬ್ಬು ಸೀಳಿ ನನ್ನ ನಾಲ್ಕು ತಂತಿಯ ಉಕುಲೇಲೆಯ ಮೇಲೆ ಮೂರು ಹನಿ ರಕ್ತ ಬಿತ್ತು. ನನ್ನ ಸ್ವಂತ ಹಾಡಿಗಾಗಿ ರಕ್ತ ಹರಿಸಿದ ಮೊದಲ ಅಭಿಮಾನಿ. ಹೆಸರು ಕೇಳೋದು ಮರೆತೇಬಿಟ್ಟೆ.

ದೊಡ್ಡ ಸುದ್ದಿ ಏನಪ್ಪಾ ಅಂದರೆ, ನನ್ನ ಹಾಡುಗಳ ಧ್ವನಿಮುದ್ರಣ ನಡೆಯುತ್ತಿದೆ. ಯಾವ ಕಂಪನಿಯೂ ನನ್ನನ್ನು ಕರೆದಿಲ್ಲವಾದ್ದರಿಂದ ನಾನೂ ಯಾವ ಕಂಪನಿಯನ್ನೂ ಕರೆದಿಲ್ಲ. ಉಕುಲೇಲೆ ಮಾಡುವ ಅಂಕಲ್ ಹೆನೆಲೆಯವರ ಕೊಟ್ಟಿಗೆಯೇ ಸ್ಟುಡಿಯೋ. ಆ ಕಣಿವೆಯಲ್ಲಿ ಇರುವವರು ಅವರೊಬ್ಬರು, ನಾಲ್ಕು ಹೇಸರಗತ್ತೆ, ಒಂದು ಹುಂಜ. ಪ್ರತಿ ಹಾಡಿನ ಎರಡನೇ ಸಾಲಿಗೆ ಹುಂಜ ಸರಿಯಾಗಿ ಕೂಗುತ್ತದೆ. "ಓಡಿಸಲಾ?" ಅಂದೆ. ಅಂಕಲ್, "ಬಿಡಮ್ಮ, ನಿನಗಿಂತ ಶ್ರುತಿ ಚೆನ್ನಾಗಿದೆ" ಅಂದರು.

ಹೊಸ ಹಾಡೊಂದಿದೆ. ನಿನಗೆ ಕಳಿಸಲ್ಲ.

ಮರೆತೆ. ನೀನು ದವಡೆ ಮುರಿದೆಯಲ್ಲ ಆ ಪೇನಿ, ಈಗ ಗಟ್ಟಿ ಬ್ರೆಡ್ಡೂ ಅಗಿಯುತ್ತಾನಂತೆ. ಯಾರೋ ಹೇಳಿದರು.

ನಿನ್ನ
ನೊಹೆಯಾ


ಅರಿಜೋನಾ
೨ ಏಪ್ರಿಲ್ ೨೦೧೭

ನಿನಗಿಂತ ಮೊದಲು ಈ ಪತ್ರ ಓದುವ ಜೈಲಿನ ಸಾಹೇಬರಿಗೆ ಮೊದಲ ನಮಸ್ಕಾರ. ಸಾಹೇಬರೇ, ಹೋದ ಸಲ ನನ್ನ ಪತ್ರದ ಮೇಲೆ ಕಾಫಿ ಚೆಲ್ಲಿದ್ದೀರಿ. ಈ ಸಲ ಸ್ವಲ್ಪ ನೋಡಿಕೊಂಡು.

ಪುಟ್ಟೀ,

ನಿನ್ನ ಅಣ್ಣ ಋಷಿಯಾಗಿದ್ದಾನೆ. ಏಳು ತಿಂಗಳಿಂದ ಯಾರ ಮೇಲೂ ಕೈ ಎತ್ತಿಲ್ಲ. ಮೊನ್ನೆ ಊಟದ ಕೋಣೆಯಲ್ಲಿ ಅನ್ನ ಅಂಟಂಟಾಗಿದೆ ಅಂತ ಒಬ್ಬ ಇನ್ನೊಬ್ಬನ ಕಿವಿ ಕಚ್ಚಿ ಉಗಿದ. ಅದು ಬಂದು ನನ್ನ ತಟ್ಟೆಯ ಪಕ್ಕದಲ್ಲೇ ಬಿತ್ತು. ನಾನು ತಟ್ಟೆಯನ್ನು ಒಂದು ಗೇಣು ಆಚೆ ಸರಿಸಿಕೊಂಡು ಉಣ್ಣುತ್ತ ಕೂತೆ. ನವೆಂಬರಿನಲ್ಲಿ ನನ್ನ ಬಿಡುಗಡೆಯ ವಿಚಾರಣೆ ಇದೆ. ಅಲ್ಲಿಯವರೆಗೆ ಕಿವಿ ಮೂಗು ಏನು ಹಾರಿ ಬಂದರೂ ನಾನು ಗೋಡೆ. ಹೀಗೇ ಇದ್ದರೆ ಕ್ರಿಸ್‌ಮಸ್ಸಿಗೆ ಮನೆಯಲ್ಲಿರುತ್ತೇನೆ.

ಇಲ್ಲಿ ತಡೆಯಲಾಗದ್ದು ಒಂದೇ. ಇಲ್ಲಿನ ಗಾಳಿಗೆ ಹೆಸರಿಲ್ಲ. ಕಾವಲಿನವನನ್ನು ಕೇಳಿದೆ, "ಇದ್ಯಾವ ಗಾಳಿ?" "ಬಿಸಿಗಾಳಿ." "ಅದು ಅದರ ಗುಣ ಆಯ್ತಪ್ಪ. ಹೆಸರು?" ಅವನು ನನ್ನ ಹೆಸರನ್ನು ಹುಚ್ಚರ ಡಾಕ್ಟರ ಪಟ್ಟಿಗೆ ಸೇರಿಸಿದ. ನಮ್ಮಲ್ಲಿ ಕಣಿವೆಗೊಂದು ಗಾಳಿ, ಗಾಳಿಗೊಂದು ಹೆಸರು. ಹಾಡಿನಲ್ಲಿ ಗಾಳಿಯ ಹೆಸರು ಬಂದರೆ ಸಾಕು, ಯಾವ ಊರು, ಯಾರ ಮನೆ, ಯಾರ ಮಗ ಅಂತ ತಿಳಿಯುತ್ತದೆ ಅಂದೆ. ಡಾಕ್ಟರು ಎರಡು ಮಾತ್ರೆ ಕೊಟ್ಟರು.

ಪೇನಿಯ ದವಡೆಯ ಸಮಾಚಾರ ನನಗೆ ಬೇಡ. ನೀನು ಹಾಡುವಾಗ ಅವನು ಪಕ್ಕದವನ ಜೊತೆ ಮಾತಾಡುತ್ತಿದ್ದ. ನಾನು ಮಾತು ನಿಲ್ಲಿಸಿದೆ. ನ್ಯಾಯಾಧೀಶರಿಗೆ ಸಂಗೀತದ ಗಂಧ ಇರಲಿಲ್ಲ, ಐದು ವರ್ಷ ಬರೆದರು. ಆ ಯಾರೋ ನಿನಗೆ ಇದನ್ನೆಲ್ಲ ಯಾಕೆ ಹೇಳುತ್ತಾರೆ?

ಹಾಡು ಕಳಿಸು.

ನಿನ್ನ ಮ್ಯಾನೇಜರ್


ಮೊಲೊಕಾಯಿ
೨೦ ಮೇ ೨೦೧೭

ಅಣ್ಣಾ,

ಕುಳಿತುಕೊಂಡು ಓದು. ನಿನ್ನ ತಂಗಿ ರೇಡಿಯೋದಲ್ಲಿ ದಿನಕ್ಕೆ ಆರು ಸಲ ಹಾಡುತ್ತಿದ್ದಾಳೆ, ಹುಂಜದ ಸಮೇತ. ಅಂಚೆ ಕಚೇರಿಯಲ್ಲಿ ಆಂಟಿ ಪಿಲಾಲಿ ನನ್ನನ್ನು ಮೊದಲ ಸಲ ಸಾಲಿನ ಮುಂದಕ್ಕೆ ಬಿಟ್ಟರು. ಸೆಪ್ಟೆಂಬರ್ ಒಂಬತ್ತಕ್ಕೆ ಹೊನೊಲುಲುವಿನ ದೊಡ್ಡ ವೇದಿಕೆಗೆ ಕರೆ ಬಂದಿದೆ. ಮೀನು ಮಾರುಕಟ್ಟೆಯಿಂದ ಹೊನೊಲುಲುವಿಗೆ ಮೀನು ಹೋಗುತ್ತಿತ್ತು, ಈಗ ನಾನೂ ಹೋಗುತ್ತೇನೆ.

ಅಂಕಲ್ ಹೆನೆಲೆ ಒಬ್ಬರೇ ಸ್ವಲ್ಪ ಮುಖ ಊದಿಸಿಕೊಂಡಿದ್ದರು. "ಏನೇ, ಹಾಡಿಗೆ ನನ್ನ ಗಾಳಿ ತಗೊಂಡು ಹೋಗಿದ್ದೀಯಲ್ಲ? ಒಂದು ಮಾತು ಕೇಳ್ಬೇಕಿತ್ತು" ಅಂದರು. ಗಾಳಿಯನ್ನು ಹಾಡಿಗೆ ತರುವ ಮೊದಲು ಆ ಕಣಿವೆಯ ಹಿರಿಯರನ್ನು ಕೇಳಬೇಕು ಅನ್ನೋದು ನಮ್ಮಜ್ಜಿಯ ಕಾಲದ ಶಿಸ್ತು, ನಿನಗೇ ಗೊತ್ತು. "ಸಂಜೆ ವಾಪಸ್ ತಂದ್ಕೊಡ್ತೀನಿ ಬಿಡಿ ಅಂಕಲ್" ಅಂದೆ. ನಕ್ಕುಬಿಟ್ಟರು.

ಹಾಡು ಮಾತ್ರ ಕಳಿಸಲ್ಲ. ಇಲ್ಲ, ನಾನು ಯಾರನ್ನೂ ಪ್ರೀತಿಸುತ್ತಿಲ್ಲ. ಇಲ್ಲ, ನೀನು ಕೇಳಿಲ್ಲ, ಗೊತ್ತು. ಕೇಳುವ ಮೊದಲೇ ಹೇಳುತ್ತಿದ್ದೇನೆ.

ನೊಹೆಯಾ


ಅರಿಜೋನಾ
೧೧ ಜೂನ್ ೨೦೧೭

ತಂಗಿ ನೊಹೆಯಾಗೆ,

ನೀನು ಕಳಿಸದ ಹಾಡು ತಾನೇ ನಡೆದುಕೊಂಡು ಬಂತು. ನಮ್ಮ ಸಾಲಿನಲ್ಲಿ ಮೊಕುನಾ ಅಂತ ಒಬ್ಬನಿದ್ದಾನೆ, ನಮ್ಮ ಕಡೆಯವನೇ. ಅವನ ಹೆಂಡತಿ ಫೋನಿನಲ್ಲಿ ಸಂಸಾರದ ಮಾತೆಲ್ಲ ಬಿಟ್ಟು ಹಾಡು ಹೇಳಿದಳಂತೆ. ಅವನು ಅಂಗಳದಲ್ಲಿ ನಿಂತು ನಮಗೆ ಹೇಳಿದ.

ಲೌಲೇನಾ ಗಾಳಿ ಬಂತು, ಕೇಳದೆ ಬಂತು,
ಕೊಂಬೆಯ ಕೆಂಪು ಹೂವ ಮುರಿದುಕೊಂಡು ಹೋಯ್ತು,
ಕೊಂಬೆ ಇನ್ನೂ ನಡುಗುತ್ತಿದೆ.

ಇಪ್ಪತ್ತು ಜನ ಗಂಡಸರು ಕೇಳಿದರು. ಒಬ್ಬರೂ ಕೆಮ್ಮಲಿಲ್ಲ.

ಹಾಡು ಚೆನ್ನಾಗಿದೆ. ಲೌಲೇನಾ ಅಂದರೆ ಎಲೆ ಬಾಡಿಸುವ ಗಾಳಿ. ಅದು ಬೀಸುವುದು ಒಂದೇ ಕಣಿವೆಯಲ್ಲಿ. ಆ ಕಣಿವೆಯಲ್ಲಿರುವ ಗಂಡಸು ಒಬ್ಬನೇ. ಹಾಡು ಮುದ್ರಿಸಲಿಕ್ಕೆ ನೀನು ತಿಂಗಳುಗಟ್ಟಲೆ ಹೋಗಿ ಕೂತಿದ್ದೂ ಅವನ ಕೊಟ್ಟಿಗೆಯಲ್ಲೇ. ಹಾಡು ಕೇಳಿ ಅವನು ನಕ್ಕನಂತೆ, ನೀನೇ ಬರೆದಿದ್ದೀಯ.

ಹಾಡಿಗೆ ಒಳಮಾತು ಇರುತ್ತದೆ. ಬಾಯಲ್ಲಿ ಹೇಳಲಾಗದ್ದನ್ನು ನಮ್ಮ ಹೆಂಗಸರು ಹಾಡಿನಲ್ಲೇ ಹೇಳುತ್ತ ಬಂದಿದ್ದಾರೆ. ನಿನಗೆ ಏನಾಯಿತು ಅಂತ ನನಗೆ ಹೇಳು.

ಬುಲಾಗೂ ಎರಡು ಸಾಲು ಬರೆದಿದ್ದೇನೆ. ಗಾಳಿಕಾಲ, ಎಡಗಡೆಯ ಕಿಟಕಿ ಮುಚ್ಚಿಕೋ ಅಂತ. ಊರಲ್ಲಿರುವ ಹಳೆಯ ಸ್ನೇಹಿತ, ಅವನ ಮನೆಯ ಕಾಳಜಿಯೂ ಇರಬೇಕಲ್ಲ.

ಕಾವಿಕಾ


ಮೊಲೊಕಾಯಿ
೨೭ ಜೂನ್ ೨೦೧೭

ಅಣ್ಣಾ,

ನಿನ್ನ ಪತ್ರ ಓದಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಅಂಕಲ್ ಹೆನೆಲೆ! ಅವರಿಗೆ ಅರವತ್ತೊಂದು. ಕಟ್ಟಿಗೆ ಬಿಟ್ಟರೆ ಯಾವುದನ್ನೂ ಅವರು ಮುಟ್ಟಿ ನೋಡಿದವರಲ್ಲ. ನನಗೆ ಏನೂ ಆಗಿಲ್ಲ. ಹಾಡು ಅಂದಮೇಲೆ ಒಂದು ಗಾಳಿ ಬೇಕಲ್ಲ, ಕೈಗೆ ಸಿಕ್ಕಿದ್ದನ್ನು ಹಾಕಿದೆ. ಅದು ಯಾರ ಗಾಳಿ, ಯಾಕೆ ಅಂತ ಮಾತ್ರ ಕೇಳಬೇಡ. ದಯವಿಟ್ಟು ಕೇಳಬೇಡ. ಆ ವಿಷಯ ಇಲ್ಲಿಗೇ ಬಿಡು.

ಮೀನು ಮಾರುಕಟ್ಟೆಯಲ್ಲಿ ಒಬ್ಬಳು ನನ್ನ ಸಹಿ ಕೇಳಿದಳು. ಮೀನು ಸುತ್ತಿದ ಕಾಗದದ ಮೇಲೆ ಹಾಕಿಕೊಟ್ಟೆ.

ನೊಹೆಯಾ


ಮೊಲೊಕಾಯಿ
೧೯ ಜುಲೈ ೨೦೧೭

ಅಣ್ಣಾ,

ಬರೆಯಲಿಕ್ಕೆ ನಾಲ್ಕು ಸಲ ಕೂತು ಎದ್ದೆ.

ಶುಕ್ರವಾರ ಮಧ್ಯಾಹ್ನ ಮೂರು ಜನ ಅಂಕಲ್ ಹೆನೆಲೆಯವರ ಕೊಟ್ಟಿಗೆಗೆ ನುಗ್ಗಿದ್ದಾರೆ. ಮುಖಕ್ಕೆ ಅಂಗಿ ಸುತ್ತಿಕೊಂಡಿದ್ದರು. ಅಂಕಲ್, "ಬನ್ನಿ, ಊಟ ಆಯ್ತಾ?" ಅಂದರಂತೆ. ಕೆಸುವಿನ ಗೆಡ್ಡೆ ಅರೆದು ಪೋಯಿ ಕಲಸಿಟ್ಟಿದ್ದ ಬಟ್ಟಲನ್ನು ಅವರ ಮುಖಕ್ಕೇ ಹೊಡೆದರು. ಹುಂಜ ಅಡ್ಡ ಬಂತು, ಅದರ ಕತ್ತು ತಿರುಚಿ ಎಸೆದರು. ಆಮೇಲೆ ಅವರ ಕೈಯನ್ನು ಮರ ಬಿಗಿಹಿಡಿಯುವ ಇಕ್ಕಳಕ್ಕೆ ಕೊಟ್ಟು ತಿರುಪು ತಿರುಗಿಸಿದರು. ಅದು ಸಾಲದೆಂದು ಕೊಡತಿ ತಗೊಂಡರು. ಬೆರಳಿಗೆ ಒಂದೊಂದು ಏಟು. ಕೊನೆಯ ಏಟಿಗೆ ಒಬ್ಬ, "ಇದು ಹೂವಿಗೆ" ಅಂದನಂತೆ.

ಹೊನೊಲುಲುವಿನ ಆಸ್ಪತ್ರೆಯಲ್ಲಿದ್ದಾರೆ. ಎರಡು ಬೆರಳು ತೆಗೆದರು. ಉಳಿದ ಮೂರು ಇದ್ದೂ ಇಲ್ಲ.

ಅದಕ್ಕಿಂತ ಕೆಟ್ಟದ್ದು ಅಂಗಡಿಯಲ್ಲಿ ಕೇಳಿದೆ. ಆಂಟಿ ಪಿಲಾಲಿ ನನ್ನ ತಲೆ ಸವರಿ, "ಹೋಗ್ಲಿ ಬಿಡು ಮಗಾ, ಮಾಡಿದ್ದುಣ್ಣೋ ಹಾಗಾಯ್ತು ಅವನಿಗೆ. ನಿನ್ನ ಹಾಡು ಕೇಳ್ದಾಗ್ಲೇ ನಮಗೆಲ್ಲ ಅರ್ಥ ಆಗಿತ್ತು" ಅಂದರು. ಇಡೀ ಊರಿಗೆ ಅರ್ಥ ಆಗಿತ್ತಂತೆ. ಅವರ ಹೇಸರಗತ್ತೆಗಳಿಗೆ ಹುಲ್ಲು ಹಾಕುವವರಿಲ್ಲ. ಹಾಡು ಬರೆದ ನನಗೊಬ್ಬಳಿಗೇ ಅದರ ಅರ್ಥ ಗೊತ್ತಿಲ್ಲ ನೋಡು.

ಹುಂಜ ರೇಡಿಯೋದಲ್ಲಿ ಇನ್ನೂ ದಿನಕ್ಕೆ ಆರು ಸಲ ಕೂಗುತ್ತಿದೆ.

ಯಾರು ಮಾಡಿದ್ದು ಅಂತ ನಿನಗೇನಾದರೂ ಕಿವಿಗೆ ಬಿದ್ದರೆ ಬರೆ.

ನೊಹೆಯಾ


ಅರಿಜೋನಾ
೩ ಆಗಸ್ಟ್ ೨೦೧೭

ಪುಟ್ಟೀ,

ವಿಷಯ ತಿಳಿದು ಬಹಳ ವ್ಯಸನವಾಯಿತು. ಜೈಲಿನೊಳಗೆ ಕೂತವನ ಕಿವಿಗೆ ಏನು ಬೀಳುತ್ತದೆ ಹೇಳು? ಹಾರಿ ಬಂದ ಕಿವಿಗಳನ್ನು ಮಾತ್ರ ನೋಡಿದ್ದೇನೆ.

ವಯಸ್ಸಾದ ಕಾಲಕ್ಕೆ ಮನುಷ್ಯ ಜಾಗ್ರತೆಯಿಂದ ಇರಬೇಕು. ಎಡಗೈ ತಾನೇ? ಉಣ್ಣಲಿಕ್ಕೆ ಬಲಗೈ ಉಳಿದಿದೆಯಲ್ಲ, ದೇವರು ದೊಡ್ಡವನು. ನೀನು ಅಳಬೇಡ. ಕೊಂಬೆ ಇನ್ನು ನಡುಗಬೇಕಾಗಿಲ್ಲ. ಹೊನೊಲುಲುವಿಗೆ ಹೊಸ ಬಟ್ಟೆ ತಗೊ, ಆ ಹಳದಿ ಬೇಡ, ಬಾಳೆಹಣ್ಣಿನ ಥರ ಕಾಣ್ತೀಯ.

ನಾನು ಈಗಲೂ ಗೋಡೆಯೇ. ಹನ್ನೊಂದು ತಿಂಗಳಾಯಿತು.

ನಿನ್ನ ಮ್ಯಾನೇಜರ್


ಮೊಲೊಕಾಯಿ
೧೬ ಆಗಸ್ಟ್ ೨೦೧೭

ಕಾವಿಕಾ,

ಕೈ ಅಂತ ಬರೆದಿದ್ದೆ. ಎಡಗೈ ಅಂತ ನಾನು ಬರೆದಿರಲಿಲ್ಲ.

ನಿನ್ನ ಜೂನ್ ತಿಂಗಳ ಪತ್ರ ತೆಗೆದು ಮತ್ತೆ ಓದಿದೆ. ಎಡಗಡೆಯ ಕಿಟಕಿ. ಬುಲಾನ ಮನೆಗೆ ಎಡಗಡೆ ಕಿಟಕಿಯೇ ಇಲ್ಲ.

ಈಗ ನಾನು ಹೇಳದೆ ಬಿಟ್ಟಿದ್ದನ್ನು ಕೇಳು. ನೀನು ಪೇನಿಯ ದವಡೆ ಮುರಿದ ಮಾರನೇ ದಿನ ನಿನ್ನ ಪರವಾಗಿ ಕ್ಷಮೆ ಕೇಳಲಿಕ್ಕೆ ಆಸ್ಪತ್ರೆಗೆ ಹೋದೆ. ಅವನ ಬಾಯನ್ನು ತಂತಿ ಹಾಕಿ ಕಟ್ಟಿದ್ದರು. ಏನು ಮಾತಾಡಲಿ? ಉಕುಲೇಲೆ ತೆಗೆದು ಒಂದು ಹಾಡು ಹೇಳಿದೆ. ಕೈಸನ್ನೆಯಲ್ಲಿ ಇನ್ನೊಂದು ಅಂದ. ಆರು ವಾರ ಹೋದೆ. ಒಂದು ಮಾತೂ ಆಡದೆ ನನ್ನ ಎಲ್ಲ ಹಾಡು ಕೇಳಿದ ಮೊದಲ ಗಂಡಸು ಅವನು. ತಂತಿ ಬಿಚ್ಚಿದ ದಿನ ಅವನು ಆಡಿದ ಮೊದಲ ಮಾತು, "ಅವತ್ತು ಪಕ್ಕದವನಿಗೆ ನಾನು ಹೇಳ್ತಿದ್ದಿದ್ದು, ಎಷ್ಟು ಚೆನ್ನಾಗಿ ಹಾಡ್ತಾಳೆ ನೋಡು ಅಂತ."

ಅವನ ಕೊಲ್ಲಿಯ ಗಾಳಿ ಕೋಲೋಹೆ. ಕಿಡಿಗೇಡಿ ಗಾಳಿ. ಹಾಡು ಕಟ್ಟಿದ್ದು ಹಾಗೆಯೇ: ಕೋಲೋಹೆ ಗಾಳಿ ಬಂತು, ಕೇಳದೆ ಬಂತು. ಚೇಷ್ಟೆಯ ಹಾಡು, ಕೇಳಿದವರು ನಗಬೇಕಾದ ಹಾಡು. ನಿನ್ನ ಕಿವಿಗೆ ಬಿದ್ದರೆ ಪೇನಿಯ ಮೂಳೆ ಉಳಿಯುವುದಿಲ್ಲ ಅಂತ ಹೆಸರು ಬದಲಾಯಿಸಿದೆ. ಮುದುಕರ ಗಾಳಿ, ಯಾರಿಗೂ ಅನುಮಾನ ಬರಲ್ಲ ಅಂದುಕೊಂಡೆ. ಒಂದು ಹೆಸರು ಬದಲಾದದ್ದಕ್ಕೆ ನಗುವ ಹಾಡು ದೂರು ಕೊಡುವ ಹಾಡಾಯಿತು. ನನ್ನ ಉಕುಲೇಲೆಯನ್ನು ಮಾಡಿದ ಕೈ ಅದು. ಕೊಡತಿ ನೀನು ಎತ್ತಿದೆ. ಕೈಯನ್ನು ಇಕ್ಕಳಕ್ಕೆ ಇಟ್ಟವಳು ನಾನು.

ಸೆಪ್ಟೆಂಬರ್ ಒಂಬತ್ತಕ್ಕೆ ಅಂಕಲ್ ಮನೆಗೆ ಬರುತ್ತಾರೆ. ಹೊನೊಲುಲು ಬೇಡ ಅಂತ ಹೇಳಿಬಿಟ್ಟೆ. ಅವತ್ತೇ ಅವರ ಅಂಗಳದಲ್ಲಿ ಊರಿಗೆಲ್ಲ ಊಟ ಹಾಕಿ, ಎಲ್ಲರೆದುರು ಸರಿಯಾದ ಹೆಸರು ಹಾಕಿ ಹಾಡುತ್ತೇನೆ. ಪೇನಿ ನನ್ನ ಪಕ್ಕದಲ್ಲಿ ನಿಂತಿರುತ್ತಾನೆ.

ನಿನ್ನ ಬುಲಾಗೆ ಏನು ಬರೆಯುತ್ತೀಯೋ ಬರೆ.

ನೊಹೆಯಾ


ಮೊಲೊಕಾಯಿ
೧೨ ಸೆಪ್ಟೆಂಬರ್ ೨೦೧೭

ಕಾವಿಕಾ,

ನಿನ್ನಿಂದ ಉತ್ತರ ಬರಲಿಲ್ಲ. ಬುಲಾ ಬಂದ.

ನನ್ನ ಕಲಾಜೀವನದ ಅತ್ಯಂತ ದೊಡ್ಡ ಕಛೇರಿಯ ವರದಿ ಹೀಗಿದೆ. ರೇಡಿಯೋದವಳು ಊಟ ಹಾಕುತ್ತಾಳೆ ಅಂದರೆ ಯಾರು ಬಿಡುತ್ತಾರೆ? ನೂರಿಪ್ಪತ್ತು ಜನ. ಎಲ್ಲರೂ ಹಂದಿ ತಿಂದರು, ಅಂಕಲ್ ಹೆನೆಲೆಯವರ ಮುಖ ನೋಡಲಿಲ್ಲ. ಅವರು ಬ್ಯಾಂಡೇಜು ಕಟ್ಟಿದ ಕೈಯನ್ನು ಮಡಿಲಲ್ಲಿ ಮಗುವಿನ ಹಾಗೆ ಇಟ್ಟುಕೊಂಡು ಕೂತಿದ್ದರು.

ನಾನು ಅವರ ಮುಂದೆ ಹೋಗಿ ನಿಂತೆ. "ಅಂಕಲ್, ನಿಮ್ಮ ಗಾಳಿ ವಾಪಸ್ ತಂದಿದ್ದೀನಿ."

"ಸಂಜೆ ತಂದ್ಕೊಡ್ತೀನಿ ಅಂದಿದ್ದೆ" ಅಂದರು. "ನಾಲ್ಕು ತಿಂಗಳು ಮಾಡ್ದೆಯಲ್ಲೇ."

ಹಾಡಿದೆ. ಮೊದಲನೇ ಸಾಲಿನಲ್ಲಿ ಕೋಲೋಹೆ ಅಂದ ಕೂಡಲೇ ತಿನ್ನುತ್ತಿದ್ದವರೆಲ್ಲ ತಲೆ ಎತ್ತಿದರು. ಎರಡನೇ ಸಾಲಿಗೆ, ಹುಂಜ ಕೂಗಬೇಕಾದ ಜಾಗದಲ್ಲಿ, ಆಂಟಿ ಪಿಲಾಲಿ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಅಂಗಳ ನಕ್ಕಿತು. ಪೇನಿ ಕಿವಿಯವರೆಗೂ ಕೆಂಪಾಗಿ ನೆಲ ನೋಡುತ್ತಿದ್ದ. ನಕ್ಕು ಮುಗಿಸಿದ ಮೇಲೆ ಜನ ಒಬ್ಬೊಬ್ಬರಾಗಿ ಅಂಕಲ್ ಕಡೆ ತಿರುಗಿದರು. ಆ ನೋಟಕ್ಕಾಗಿಯೇ ನಾನು ಹಾಡಿದ್ದು.

ಆಗ ನಿನ್ನ ಬುಲಾ ಇಬ್ಬರನ್ನು ಕಟ್ಟಿಕೊಂಡು ಬೇಲಿ ಮುರಿದು ಒಳಗೆ ಬಂದ. "ಅಣ್ಣ ಕಿಟಕಿ ತೆರಿ ಅಂದವ್ನೆ, ಪೂರಾ ತೆರಿ ಅಂದವ್ನೆ!" ಅಂತ ಕೂಗುತ್ತ ಕಬ್ಬಿಣದ ಸಲಾಕೆಯಿಂದ ಪೇನಿಯ ಮುಖಕ್ಕೆ ಬಾರಿಸಿದ. ದವಡೆ ಮತ್ತೆ ಹೋಯಿತು. ಹೋದ ಸಲ ಎಡಗಡೆ, ಈ ಸಲ ಬಲಗಡೆ. ಹಲ್ಲು ಎರಡು ಹಾರಿ ಪೋಯಿ ಪಾತ್ರೆಗೆ ಬಿದ್ದವು. ಪೇನಿಯ ಅಣ್ಣತಮ್ಮಂದಿರು ನಾಲ್ವರು ಎದ್ದರು. ಹಂದಿ ಸುಟ್ಟ ಕಲ್ಲುಗಳು ಇನ್ನೂ ಬಿಸಿ ಇದ್ದವು, ಬರಿಗೈಯಲ್ಲಿ ಎತ್ತಿ ಒಗೆದರು. ಬುಲಾ ಕರೆತಂದವರಲ್ಲಿ ಒಬ್ಬನ ಹಣೆ ಬಿರಿಯಿತು. ಆಂಟಿ ಪಿಲಾಲಿ ಸೌಟಿನಿಂದ ಸಿಕ್ಕಿದವರಿಗೆಲ್ಲ ಹೊಡೆದರು, ಪಕ್ಷಪಾತ ಮಾಡಲಿಲ್ಲ. ಬುಲಾ ಎರಡನೇ ಸಲ ಸಲಾಕೆ ಎತ್ತಿದಾಗ ಅದು ಪೇನಿಯ ತಲೆಬುರುಡೆಗೆ ಅಂತ ಗೊತ್ತಾಯಿತು.

ನನ್ನ ಕೈಯಲ್ಲಿ ಇದ್ದದ್ದು ಒಂದೇ, ಉಕುಲೇಲೆ. ಎರಡೂ ಕೈಯಲ್ಲಿ ಹಿಡಿದು ಬುಲಾನ ಕಿವಿಯ ಮೇಲೆ ಹಾಕಿದೆ. ಅದರ ಹೊಟ್ಟೆ ಒಡೆದು ಒಳಕ್ಕೆ ಹೋಯಿತು, ಕತ್ತು ಮುರಿದು ನನ್ನ ಕೈಯಲ್ಲೇ ಉಳಿಯಿತು. ನಾಲ್ಕು ತಂತಿಯೂ ಶ್ರುತಿಯಲ್ಲೇ ಕಿರುಚಿದವು. ಅವನು ಬಿದ್ದ. ಬಿದ್ದ ಮೇಲೂ ಮುರಿದ ಕತ್ತಿನಿಂದ ಎಷ್ಟು ಸಲ ಹೊಡೆದೆ ಗೊತ್ತಿಲ್ಲ. ಅಂಕಲ್ ಹೆನೆಲೆ ಬಂದು ಬಲಗೈಯಿಂದ ನನ್ನ ಮುಂಗೈ ಹಿಡಿದು, "ಸಾಕಮ್ಮ, ಕೋವಾ ಮರ, ಸುಮ್ನೆ ಸಿಗಲ್ಲ" ಅಂದರು. ಅದಕ್ಕೇ ನಿಲ್ಲಿಸಿದೆ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಅಂತ ನನಗೆ ಅವತ್ತು ತಿಳಿಯಿತು.

ಬುಲಾ ಬದುಕಿದ್ದಾನೆ, ಆ ಕಿವಿ ಕೇಳುವುದಿಲ್ಲ. ಅವನು ಬಾಯಿ ಬಿಡುತ್ತಿಲ್ಲ. ಬರಿಗೈಯ ಮುದುಕರ ಮೇಲೆ ಅವನನ್ನು ಬಿಟ್ಟದ್ದು ಯಾರು ಅಂತ ಪೊಲೀಸರು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ.

ನವೆಂಬರಿನಲ್ಲಿ ನಿನ್ನ ವಿಚಾರಣೆ. ಬರುವುದಾದರೆ ಬಾ. ಬಾಗಿಲು ತೆಗೆಯುತ್ತೇನೋ ಇಲ್ಲವೋ ಗೊತ್ತಿಲ್ಲ.

ನೊಹೆಯಾ


ಅರಿಜೋನಾ
೨೧ ನವೆಂಬರ್ ೨೦೧೭

ನೊಹೆಯಾ,

ಓದುವ ಸಾಹೇಬರು ಇವತ್ತು ಕಾಫಿ ಪಕ್ಕಕ್ಕಿಡಲಿ. ಇದರಲ್ಲಿ ಇರುವುದೆಲ್ಲ ಅವರಿಗೆ ಆಗಲೇ ಗೊತ್ತು, ನಾನೇ ಹೇಳಿದ್ದೇನೆ.

ನಿನ್ನ ಆಗಸ್ಟ್ ಪತ್ರ ಬಂದ ದಿನವೇ ಬುಲಾಗೆ ಬರೆದೆ: ಕಿಟಕಿ ತೆರೆದುಬಿಡು, ಪೂರಾ ತೆರೆ. ಮುಚ್ಚು ಅಂದರೆ ಹೊಡಿ ಅಂತ ನಮ್ಮಿಬ್ಬರ ಒಳಮಾತು, ಹದಿನೈದು ವರ್ಷದ್ದು. ತೆರೆ ಅಂದರೆ ಬಿಟ್ಟುಬಿಡು, ಯಾರನ್ನೂ ಮುಟ್ಟಬೇಡ ಅಂತ ಅವನಿಗೆ ತಾನೇ ತಿಳಿಯುತ್ತದೆ ಅಂದುಕೊಂಡೆ. ಹದಿನೈದು ವರ್ಷದಲ್ಲಿ ಆ ಮಾತನ್ನು ನಾನು ಒಂದು ಸಲವೂ ಬರೆದಿರಲಿಲ್ಲ. ಅವನಿಗೆ ಅರ್ಥ ಹೇಗೆ ಗೊತ್ತಾಗಬೇಕು? ಯಾವತ್ತೂ ಹೇಳದ ಹಾಗೆ ಹೇಳಿದ್ದಾನೆ ಅಂದರೆ ಇನ್ನೂ ಜೋರಾಗಿ ಹೊಡೆಯಬೇಕು ಅಂದುಕೊಂಡ. ನನ್ನ ಕೈಕೆಳಗೆ ಕಲಿತವನು, ಇನ್ನೇನು ಅಂದುಕೊಂಡಾನು?

ವಿಚಾರಣೆಯಲ್ಲಿ ಮೂವರು ಕೂತಿದ್ದರು. ಹದಿನಾಲ್ಕು ತಿಂಗಳಿಂದ ನಾನು ಯಾರ ಮೇಲೂ ಕೈ ಎತ್ತಿಲ್ಲ ಅಂತ ಹೆಂಗಸೊಬ್ಬರು ಓದಿ ಹೇಳಿ, "ತುಂಬಾ ಸಂತೋಷ" ಅಂದರು. ಸುಮ್ಮನೆ ಇದ್ದರೆ ಕ್ರಿಸ್‌ಮಸ್ಸಿಗೆ ಮನೆ.

"ಕೈ ಎತ್ತಿಲ್ಲ ತಾಯಿ, ಪೆನ್ನು ಎತ್ತಿದ್ದೇನೆ" ಅಂದೆ. ಕಿಟಕಿಯ ಅರ್ಥ ಹೇಳಿದೆ. ಅಂಕಲ್ ಹೆನೆಲೆಯವರ ಹೆಸರು ಹೇಳಿದೆ, ಯಾವ ಕೈ ಅಂತಲೂ ಹೇಳಿದೆ, ಅವರ ತಪ್ಪು ಏನೂ ಇರಲಿಲ್ಲ ಅಂತ ಬರೆದುಕೊಳ್ಳಿ ಅಂದೆ. ಆಕೆ ಎರಡು ಸಲ, "ನಿಮಗೆ ನೀವು ಏನು ಹೇಳ್ತಿದ್ದೀರಿ ಅಂತ ಗೊತ್ತಲ್ಲ?" ಅಂತ ಕೇಳಿದರು. ಗೊತ್ತು ಅಂದೆ. ಆಮೇಲೆ ಕೋರ್ಟಿನಲ್ಲೂ ಅದನ್ನೇ ಒಪ್ಪಿಕೊಂಡೆ, ವಾದವಿಲ್ಲದೆ ಬೇಗ ಮುಗಿಯಿತು. ಹಳೆಯದರ ಮೇಲೆ ಇನ್ನೂ ಆರು ವರ್ಷ.

ನೀನು ಪೊಲೀಸರಿಗೆ ಹೇಳದೆ ಉಳಿಸಿಕೊಂಡದ್ದನ್ನು ನಾನೇ ಹೇಳಿಬಿಟ್ಟೆ. ನಿನ್ನ ಮ್ಯಾನೇಜರಿಗೆ ವ್ಯಾಪಾರ ಬರುವುದಿಲ್ಲ.

ಪೇನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ತಂತಿ ಬಿಚ್ಚಿದ ಮೇಲೆ ಅವನು ಏನು ಬೈದರೂ ಬರೆದು ಕಳಿಸು.

ಕಾವಿಕಾ


ಮೊಲೊಕಾಯಿ
೬ ಜನವರಿ ೨೦೧೮

ಅಣ್ಣಾ,

ಪತ್ರ ತಲುಪಿ ಮೂರು ವಾರವಾಯಿತು.

ಕಲಾಜೀವನದ ವರದಿ: ರೇಡಿಯೋದವರಿಗೆ ಹಾಡು ನಿಲ್ಲಿಸಿ ಅಂತ ಬರೆದೆ, ನಿಲ್ಲಿಸಿದರು. ಮಾರಲಿಕ್ಕೆ ಮಾಡಿಸಿ ಮನೆಯಲ್ಲಿಟ್ಟಿದ್ದ ಆ ಹಾಡಿನ ಒಂಬೈನೂರು ಸಿ.ಡಿ. ತಟ್ಟೆಗಳನ್ನು ಪೇನಿಯೂ ನಾನೂ ಆ ಕೊಡತಿಯಿಂದಲೇ ಒಡೆದೆವು. ಒಂದನ್ನು ಅಂಕಲ್ ಇಟ್ಟುಕೊಂಡರು, ಹುಂಜದ ಸಲುವಾಗಿ. ಹೊನೊಲುಲುವಿನವರು ಮತ್ತೆ ಕರೆದಿಲ್ಲ. ಶನಿವಾರ ಮೀನು ಮಾರುಕಟ್ಟೆಯಲ್ಲಿ ಹಾಡುತ್ತೇನೆ. ಮೀನುಗಳಿಗೆ ಬೇಸರವಿಲ್ಲ.

ಪೇನಿಯ ತಂತಿ ಬಿಚ್ಚಿದರು. ಮೊದಲ ಮಾತು ನಿನಗೇ: "ನಿಮ್ಮಣ್ಣನಿಗೆ ಹೇಳು, ನನಗಿರೋದು ಎರಡೇ ಕಡೆ ದವಡೆ, ಎರಡೂ ಆಯ್ತು." ಬೈಗುಳವೂ ಇತ್ತು, ಸಾಹೇಬರು ಓದುತ್ತಾರೆ ಅಂತ ಬರೆಯುತ್ತಿಲ್ಲ.

ಅಂಕಲ್ ನನ್ನ ಉಕುಲೇಲೆಯನ್ನು ಮತ್ತೆ ಕಟ್ಟುತ್ತಿದ್ದಾರೆ. ಬಲಗೈ ಅವರದು, ಎಡಗೈ ನನ್ನದು. ಅವರು ಅಂಟು ಹಚ್ಚಿದರೆ ನಾನು ಹಿಡಿದುಕೊಳ್ಳುತ್ತೇನೆ. "ಗಟ್ಟಿಯಾಗಿ ಹಿಡಿಯೇ, ಇದೇನು ಬುಲಾನ ತಲೇನಾ?" ಅಂತ ಬೈಯುತ್ತಾರೆ. ನೀನು ವಿಚಾರಣೆಯಲ್ಲಿ ಹೇಳಿದ್ದನ್ನು ಅವರಿಗೆ ಓದಿ ಹೇಳಿದೆ. ಉಜ್ಜುತ್ತಿದ್ದ ಮರವನ್ನು ಕೆಳಗಿಟ್ಟರು. ಆಮೇಲೆ, "ಅವನಿರೋ ಕಡೆ ಗಾಳಿ ಯಾವುದು?" ಅಂತ ಕೇಳಿದರು. ಹೆಸರಿಲ್ಲವಂತೆ ಅಂದೆ. "ಹೆಸರಿಲ್ಲದ ಗಾಳೀಲಿ ಆರು ವರ್ಷ ಹೇಗಿರ್ತಾನೆ?" ಅಂದರು.

ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಗಾಳಿಯನ್ನು ಹಾಡಿಗೆ ತರಬೇಕು ಅಂತಿದ್ದೇನೆ. ಈ ಸಲ ಕೇಳಿ ತರುತ್ತಿದ್ದೇನೆ. ಆ ಕಣಿವೆಗೆ ಸದ್ಯಕ್ಕೆ ನೀನೇ ಹಿರಿಯ. ಹೆಸರು ನೀನೇ ಇಡಬೇಕು.

ನೊಹೆಯಾ


ಅರಿಜೋನಾ
೨೮ ಜನವರಿ ೨೦೧೮

ಪುಟ್ಟೀ,

ಇಲ್ಲಿನ ಗಾಳಿಯ ಹೆಸರು ಎಡಗೈ. ಅಂಕಲ್ ಒಪ್ಪಿದರೆ ತಗೊಂಡು ಹೋಗಿ ಹಾಡು.

ಓದುವ ಸಾಹೇಬರಿಗೆ: ಇದರಲ್ಲಿ ಒಳಮಾತು ಏನೂ ಇಲ್ಲ.

ಕಾವಿಕಾ